ಹಸಿರು ಗುರುತು ಬಿದ್ದರೆ ಪಾಠ ಆಯಿತೇ?



ನಮ್ಮ ಕಲಬುರಗಿ, ಕಮಲಾಪುರ ಭಾಗದಲ್ಲಿ ಮಠಗಳ ಆಶ್ರಯದಲ್ಲಿ, ಶರಣರ ಹೆಸರಿನ ಸಂಘಗಳ ಅಡಿಯಲ್ಲಿ ನಡೆಯುವ ಶಾಲೆ-ಕಾಲೇಜುಗಳು ಹಲವಾರಿವೆ. ಇವುಗಳ ಆಡಳಿತ ಮಂಡಳಿಯ ಸಭೆಗಳಲ್ಲಿ ಈಚೆಗೆ ಒಂದು ವಿಷಯ ತಪ್ಪದೆ ಬರುತ್ತಿದೆ. ಎಲ್.ಎಂ.ಎಸ್. ಹಾಕಿಸಬೇಕೋ ಬೇಡವೋ, ಹಾಕಿಸಿದರೆ ಯಾವ ಕಂಪನಿಯದು, ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ ಎಷ್ಟು ಬೀಳುತ್ತದೆ ಎಂಬುದು ಆ ವಿಷಯ. ಇಂಜಿನಿಯರ್ ಆಗಿ ನಿವೃತ್ತನಾದವನು ಎಂಬ ಒಂದೇ ಕಾರಣಕ್ಕೆ ಇಂಥ ಎರಡು ಸಭೆಗಳಿಗೆ ನನ್ನನ್ನೂ ಕರೆದಿದ್ದರು. ಕಂಪನಿಯವರು ಪರದೆಯ ಮೇಲೆ ಬಣ್ಣ ಬಣ್ಣದ ನಕ್ಷೆಗಳನ್ನು ತೋರಿಸಿದರು. ಎಲ್ಲರೂ ತಲೆದೂಗಿದರು. ಕೇಳಿದ ಪ್ರಶ್ನೆಗಳೆಲ್ಲ ದರದ ಬಗೆಗೇ ಇದ್ದವು. ಇದರಿಂದ ಯಾವ ಮಗುವಿಗೆ ಏನಾಗುತ್ತದೆ ಎಂದು ಕೇಳಿದವರು ಕಡಿಮೆ. ಆದ್ದರಿಂದ ಈ ಸಂಚಿಕೆಯ ಸಂಪಾದಕೀಯವನ್ನು ಇದಕ್ಕೇ ಕೊಡುತ್ತಿದ್ದೇನೆ. ವಿಷಯ ತಾಂತ್ರಿಕವಾದದ್ದು, ಆದರೆ ಮಂಡಳಿಯಲ್ಲಿ ಕೂತು ಸಹಿ ಹಾಕುವವರು ಇಷ್ಟನ್ನಾದರೂ ತಿಳಿದಿರಬೇಕು.

ಎಲ್.ಎಂ.ಎಸ್. ಎಂದರೆ ಕಲಿಕಾ ನಿರ್ವಹಣಾ ವ್ಯವಸ್ಥೆ. ಬಹಳ ಜನ ಇದನ್ನು ವಿಡಿಯೋ ಪಾಠದ ಪೆಟ್ಟಿಗೆ ಎಂದುಕೊಂಡಿದ್ದಾರೆ. ಅಷ್ಟೇ ಆಗಿದ್ದರೆ ಯೂಟ್ಯೂಬ್ ಸಾಕಿತ್ತು. ಇದು ನಿಜವಾಗಿ ಒಂದು ಕಾಲೇಜಿನ ದಫ್ತರ, ತರಗತಿ, ಪರೀಕ್ಷಾ ಕೊಠಡಿ, ಸೂಚನಾ ಫಲಕ ನಾಲ್ಕನ್ನೂ ಒಂದೇ ಕಡೆ ತಂದಿಟ್ಟ ತಂತ್ರಾಂಶ. ವಿದ್ಯಾರ್ಥಿ ತನ್ನ ಹೆಸರು, ಗುಪ್ತಪದ ಹಾಕಿ ಒಳಗೆ ಬರುತ್ತಾನೆ. ಅವನು ಯಾವ ವಿಷಯಕ್ಕೆ ದಾಖಲಾಗಿದ್ದಾನೋ ಆ ಪಾಠಗಳಷ್ಟೇ ಅವನಿಗೆ ಕಾಣುತ್ತವೆ. ಅಧ್ಯಾಪಕರು ಟಿಪ್ಪಣಿ, ವಿಡಿಯೋ, ಹೋಮ್‌ವರ್ಕ್ ಏರಿಸುತ್ತಾರೆ, ಕೊನೆಯ ದಿನಾಂಕ ಗೊತ್ತು ಮಾಡುತ್ತಾರೆ. ಹಿಂದಿನ ಪಾಠದ ಕಿರುಪರೀಕ್ಷೆಯಲ್ಲಿ ಇಂತಿಷ್ಟು ಅಂಕ ಬಂದರೆ ಮಾತ್ರ ಮುಂದಿನ ಪಾಠ ತೆರೆಯುವಂತೆ ಬೀಗ ಹಾಕಬಹುದು. ಅಂಕಪಟ್ಟಿ ತಾನಾಗಿ ಬೆಳೆಯುತ್ತ ಹೋಗುತ್ತದೆ. ಯಾರು ಯಾವಾಗ ಬಂದರು, ಏನು ತೆರೆದರು, ಎಷ್ಟು ಹೊತ್ತು ಇದ್ದರು ಎಂಬ ದಾಖಲೆ ಒಳಗೆ ಬರೆದುಕೊಳ್ಳುತ್ತಲೇ ಇರುತ್ತದೆ. ಈ ಕೊನೆಯದರ ಬಗ್ಗೆ ಮುಂದೆ ಹೇಳುತ್ತೇನೆ, ಏಕೆಂದರೆ ಇಡೀ ವ್ಯವಸ್ಥೆಯ ಬೆಲೆ ಇರುವುದೂ ಅಲ್ಲಿಯೇ, ಮೋಸ ಇರುವುದೂ ಅಲ್ಲಿಯೇ.

ದೂರದಿಂದ ಪಾಠ ಬರುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಹಿರಿಯ ಓದುಗರಿಗೆ ನೆನಪಿರಬಹುದು: 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಅಮೆರಿಕದ ನಾಸಾ ತನ್ನ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನಮ್ಮ ದೇಶಕ್ಕೆ ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿ.ವಿ. ಪೆಟ್ಟಿಗೆಗಳನ್ನಿಟ್ಟರು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಆಗಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನೇ. ಬೆಂಗಳೂರಿನವರೇ ಟಿ.ವಿ. ಕಾಣದಿದ್ದ ಕಾಲದಲ್ಲಿ ನಮ್ಮ ಹಳ್ಳಿಯ ಸಾಲಿ ಮಕ್ಕಳು ಉಪಗ್ರಹದಿಂದ ನೇರವಾಗಿ ಪಾಠ ನೋಡಿದರು. ಕೋಳಿ ಗೂಡಿನ ಜಾಳಿಗೆಯಂಥ ತಂತಿ ಬಲೆಯ ದೊಡ್ಡ ಬುಟ್ಟಿ ಆಂಟೆನಾ ಸಾಲಿಯ ಮಾಳಿಗೆಯ ಮೇಲೆ ಕೂತಿರುತ್ತಿತ್ತು. ನಮ್ಮ ಸಂಬಂಧಿಕರ ಊರಿನಲ್ಲಿ ಅದನ್ನು ನೋಡಿದ ನೆನಪು ನನಗೆ ಚೆನ್ನಾಗಿದೆ. ಬೆಳಗ್ಗೆ ಮಕ್ಕಳಿಗೆ, ಸಂಜೆ ಊರ ಹಿರಿಯರಿಗೆ ಬೇಸಾಯ, ಆರೋಗ್ಯದ ಕಾರ್ಯಕ್ರಮ. ವರ್ಷ ಮುಗಿಯಿತು, ಉಪಗ್ರಹ ವಾಪಸ್ಸು ಹೋಯಿತು.

ಮುಂದೆ 2004ರ ಸೆಪ್ಟೆಂಬರ್ 20ರಂದು ಇಸ್ರೋ ಎಜುಸ್ಯಾಟ್ ಹಾರಿಸಿದಾಗ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಅದರ ಪ್ರಾಯೋಗಿಕ ಹಂತದಲ್ಲೇ ಸೇರಿತ್ತು. ಒಂದು ಕಡೆ ಅಧ್ಯಾಪಕರು ಪಾಠ ಮಾಡಿದರೆ ರಾಜ್ಯದ ದೂರದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಹುಡುಗರು ಕೂತು ನೋಡುತ್ತಿದ್ದರು. ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗಿತ್ತು, ಹುಡುಗರು ಪ್ರಶ್ನೆ ಕೇಳಬಹುದಿತ್ತು. ಆದರೆ ನೂರಾರು ಜನರಲ್ಲಿ ಬಾಯಿ ಬಿಡುವವರು ಎಷ್ಟು ಮಂದಿ? ಹಿಂದಿನ ಬೆಂಚಿನ ಹುಡುಗನಿಗೆ ತಿಳಿಯಿತೋ ಇಲ್ಲವೋ ಎಂಬುದು ಆ ಅಧ್ಯಾಪಕರಿಗೆ ಗೊತ್ತಾಗುವ ದಾರಿ ಇರಲಿಲ್ಲ.

ಎಲ್.ಎಂ.ಎಸ್. ಬೇರೆಯಾಗುವುದು ಇಲ್ಲಿ. ಟಿ.ವಿ. ಪಾಠ ಕೊಡುತ್ತದೆ, ಆದರೆ ಮುಟ್ಟಿತೋ ಇಲ್ಲವೋ ತಿಳಿಯದು. ಎಲ್.ಎಂ.ಎಸ್.ಗೆ ಮುಟ್ಟಿದ ಮತ್ತು ಮುಟ್ಟದ ಎರಡರ ಲೆಕ್ಕವೂ ಗೊತ್ತು. ಪ್ರಪಂಚದಲ್ಲಿ ಬಹಳ ಬಳಕೆಯಲ್ಲಿರುವ ಮೂಡಲ್ ಎಂಬ ತಂತ್ರಾಂಶವನ್ನು ಕಟ್ಟಿದ ಮಾರ್ಟಿನ್ ಡೌಗಿಯಾಮಸ್ ಆಸ್ಟ್ರೇಲಿಯಾದ ಮರುಭೂಮಿ ಸೀಮೆಯ ದೂರದ ಊರಿನಲ್ಲಿ ಬೆಳೆದವರು; ಬಾಲ್ಯದಲ್ಲಿ ಶಾರ್ಟ್‌ವೇವ್ ರೇಡಿಯೋ ಮೂಲಕ ಪಾಠ ಕೇಳಿದವರು. ರೇಡಿಯೋದ ಇನ್ನೊಂದು ತುದಿಯಲ್ಲಿ ಒಬ್ಬಂಟಿಯಾಗಿ ಕೂತು ಕಲಿಯುವುದು ಹೇಗಿರುತ್ತದೆ ಎಂದು ತಿಳಿದವರು. 2002ರಲ್ಲಿ ಅದರ ಮೊದಲ ಆವೃತ್ತಿ ಹೊರಬಂತು. ಅದು ಮುಕ್ತ ತಂತ್ರಾಂಶ, ಯಾರು ಬೇಕಾದರೂ ಹಣ ಕೊಡದೆ ತಮ್ಮ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು. ಕಂಪನಿಯವರು ಇದನ್ನು ಹೇಳುವುದಿಲ್ಲ. ಅವರು ಹೇಳಬೇಕಾಗಿಯೂ ಇಲ್ಲ, ನಾವು ಕೇಳಬೇಕು.

ಇಂಜಿನಿಯರನಾಗಿ ನನಗೆ ಬಹಳ ಮೆಚ್ಚುಗೆಯಾದದ್ದು ಪ್ರಶ್ನೆ ಭಂಡಾರ. ಒಂದು ತೊಲೆಯ ಮೇಲೆ ಭಾರ ಬಿದ್ದಾಗ ಬಾಗುವಿಕೆಯ ಲೆಕ್ಕ ಕೊಟ್ಟರೆ, ಪ್ರತಿ ವಿದ್ಯಾರ್ಥಿಗೂ ತೊಲೆಯ ಉದ್ದ, ಭಾರ ಬೇರೆ ಬೇರೆಯಾಗಿ ಬರುವಂತೆ ಮಾಡಬಹುದು. ಪಕ್ಕದವನದನ್ನು ನೋಡಿ ಬರೆದರೆ ತಪ್ಪೇ ಆಗುತ್ತದೆ. ಉತ್ತರ ಒತ್ತಿದ ಕೂಡಲೆ ಎಲ್ಲಿ ತಪ್ಪಿತೆಂದು ತಿಳಿಯುತ್ತದೆ. ನಮ್ಮ ಕಾಲದಲ್ಲಿ ಆಂತರಿಕ ಪರೀಕ್ಷೆಯ ಉತ್ತರ ಪತ್ರಿಕೆ ಕೈಗೆ ಬರುವ ಹೊತ್ತಿಗೆ ಆ ಪಾಠವೇ ಮರೆತುಹೋಗಿರುತ್ತಿತ್ತು. ಇನ್ನೂ ಒಂದಿದೆ. ಪ್ರಶ್ನೆವಾರು ವಿಶ್ಲೇಷಣೆ ತೆಗೆದರೆ, ತರಗತಿಯ ನೂರರಲ್ಲಿ ಎಂಬತ್ತು ಮಂದಿ ಒಂದೇ ಪ್ರಶ್ನೆಯಲ್ಲಿ ಎಡವಿದ್ದು ಕಾಣುತ್ತದೆ. ಆಗ ಎಂಬತ್ತು ಹುಡುಗರೂ ದಡ್ಡರು ಎನ್ನುವುದಕ್ಕಿಂತ ಪಾಠವನ್ನೇ ಇನ್ನೊಮ್ಮೆ ಮಾಡುವುದು ಸರಿ. ಈ ಒಂದು ಪುಟವನ್ನು ತಿಂಗಳಿಗೊಮ್ಮೆ ತೆರೆದು ನೋಡುವ ಅಧ್ಯಾಪಕರಿದ್ದರೆ ಆ ಕಾಲೇಜಿನ ಪುಣ್ಯ.

ಈಗ ದಾಖಲೆಯ ಮಾತು. ಸರ್ಕಾರಿ ಕಾಮಗಾರಿಯಲ್ಲಿ ಅಳತೆ ಪುಸ್ತಕ ಇರುತ್ತದೆ, ನಾವು ಎಂ.ಬಿ. ಎನ್ನುತ್ತಿದ್ದೆವು. ಅದರಲ್ಲಿ ಬರೆಯದ ಕೆಲಸಕ್ಕೆ ಬಿಲ್ಲಿಲ್ಲ. ಆದರೆ ಎಂ.ಬಿ.ಯಲ್ಲಿ ಬರೆದದ್ದು ಕಾಂಕ್ರೀಟಿನ ಉದ್ದ, ಅಗಲ, ದಪ್ಪ ಮಾತ್ರ. ಅದು ಹತ್ತು ಮಳೆಗಾಲ ತಡೆಯುತ್ತದೆಯೇ ಎಂಬುದು ಅದರಲ್ಲಿ ಬರುವುದಿಲ್ಲ. ಅದಕ್ಕೆ ಕ್ಯೂಬ್ ಪರೀಕ್ಷೆ ಬೇರೆ ಮಾಡಬೇಕು. ಎಲ್.ಎಂ.ಎಸ್. ದಾಖಲೆಯೂ ಹೀಗೆಯೇ. ವಿಡಿಯೋ ಓಡಿತು ಎಂದು ಅದಕ್ಕೆ ಗೊತ್ತು, ಓಡುವಾಗ ಎದುರಿಗೆ ಯಾರಿದ್ದರು ಎಂದು ಗೊತ್ತಿಲ್ಲ.

ನಮ್ಮ ನಂದೂರಿನಲ್ಲಿ ಮಗ್ಗುಲ ಓಣಿಯ ಹುಡುಗಿಯೊಬ್ಬಳು ಪದವಿ ಓದುತ್ತಾಳೆ. ಆನ್‌ಲೈನ್ ಪಾಠ ಹೇಗೆ ನಡೀತದವ್ವಾ ಎಂದು ಕೇಳಿದೆ. “ವಿಡಿಯೋ ಹಚ್ಚಿಟ್ಟು ರೊಟ್ಟಿ ಬಡಿಲಾಕ ಕೂಡ್ತೀನ್ರಿ ಮುತ್ಯಾ. ಮುಗೀತಂದ್ರ ತಾನೇ ಹಸಿರು ರೈಟ್ ಬೀಳ್ತದ” ಎಂದಳು. ಬರೆದು ಕಳಿಸಿದ್ದನ್ನು ಸರ್ ನೋಡ್ತಾರೇನು ಎಂದರೆ ನಕ್ಕಳು. “ಎಲ್ಲಾರಿಗೂ ಹತ್ತಕ್ಕ ಹತ್ತು ಕೊಡ್ತಾರ್ರಿ. ಒಮ್ಮೆ ನಾ ತಪ್ಪಿ ನಮ್ಮ ಅಡಿಗಿ ಮನಿ ಫೋಟೋ ಹಾಕಿದ್ದೆ. ಅದಕ್ಕೂ ಹತ್ತು ಬಂದ್ವು.”

ಹುಡುಗಿಯನ್ನು ಬೈಯುವ ಹಾಗಿಲ್ಲ. ರೊಟ್ಟಿ ಆಕೆ ಬಡಿಯದೆ ಮತ್ತಾರೂ ಬಡಿಯುವುದಿಲ್ಲ. ಅಧ್ಯಾಪಕರನ್ನೂ ಪೂರ್ತಿ ಬೈಯುವಂತಿಲ್ಲ. ಅತಿಥಿ ಉಪನ್ಯಾಸಕರೊಬ್ಬರಿಗೆ ಇನ್ನೂರು ಹುಡುಗರ ಹೋಮ್‌ವರ್ಕ್ ಬಂದು ಬಿದ್ದರೆ, ಅದನ್ನು ನೋಡುವ ಹೊತ್ತಿಗೆ ಸಂಬಳವಿಲ್ಲ. ಆದರೆ ಮೇಲಿನ ವರದಿಯಲ್ಲಿ ಆ ಕಾಲೇಜಿನ ಪಾಠ ನೂರಕ್ಕೆ ನೂರು ಮುಗಿದಿರುತ್ತದೆ. ಮಂಡಳಿಯ ಸಭೆಯಲ್ಲಿ ಅದೇ ವರದಿಯನ್ನು ಓದುತ್ತಾರೆ, ಚಪ್ಪಾಳೆ ಬೀಳುತ್ತದೆ. ಎರಡೂ ಕಡೆಯವರು ಸೇರಿ ಯಂತ್ರವನ್ನು ಸಮಾಧಾನ ಪಡಿಸುವ ಕೆಲಸ ಇದು.

ಇದು ನಮ್ಮಲ್ಲಿ ಮಾತ್ರ ಇರುವ ಕಾಯಿಲೆಯಲ್ಲ. ಹಾರ್ವರ್ಡ್ ಮತ್ತು ಎಂ.ಐ.ಟಿ. ವಿಶ್ವವಿದ್ಯಾಲಯಗಳು ಜಗತ್ತಿಗೆಲ್ಲ ತೆರೆದಿಟ್ಟ ಆನ್‌ಲೈನ್ ಕೋರ್ಸುಗಳ ಅಧ್ಯಯನವೊಂದು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. 2017-18ರಲ್ಲಿ ಸೇರಿದವರಲ್ಲಿ ಕೋರ್ಸು ಮುಗಿಸಿದವರು ನೂರಕ್ಕೆ ಮೂರು ಮಂದಿಯ ಆಸುಪಾಸು. ಪಾಠಗಳು ಕೆಟ್ಟವೆಂದಲ್ಲ. ನೀನು ಯಾಕೆ ಬಂದಿಲ್ಲ ಎಂದು ಕೇಳುವವರು ಅಲ್ಲಿ ಇಲ್ಲ. ನಮ್ಮ ಕೇಂದ್ರ ಸರ್ಕಾರದ ‘ಸ್ವಯಂ’ 2017ರ ಜುಲೈನಲ್ಲಿ ಆರಂಭವಾದಾಗ ಅದರ ವಿನ್ಯಾಸದಲ್ಲೇ ನಾಲ್ಕು ಭಾಗಗಳಿದ್ದವು: ವಿಡಿಯೋ ಪಾಠ, ಇಳಿಸಿಕೊಂಡು ಮುದ್ರಿಸಬಹುದಾದ ಓದುಪಠ್ಯ, ಸ್ವಯಂ ಪರೀಕ್ಷೆ, ಸಂದೇಹ ಕೇಳಲು ಚರ್ಚಾ ವೇದಿಕೆ. ಮೊದಲ ಮೂರನ್ನು ಎಲ್ಲರೂ ಬಳಸುತ್ತಾರೆ. ನಾಲ್ಕನೆಯದು ಬಹಳ ಕಡೆ ಬಣಗುಡುತ್ತಿರುತ್ತದೆ. ಅನುಭವ ಮಂಟಪದ ಹೆಸರು ಹೇಳುವ ನಮ್ಮ ಸಂಸ್ಥೆಗಳ ಎಲ್.ಎಂ.ಎಸ್.ನಲ್ಲಿ ಚರ್ಚಾ ವೇದಿಕೆಯನ್ನು ‘ಗಲಾಟೆ ಆದೀತು’ ಎಂದು ಮುಚ್ಚಿಟ್ಟಿರುವುದನ್ನು ನಾನೇ ನೋಡಿದ್ದೇನೆ. ಅದಕ್ಕಿಂತ ಹೆಚ್ಚು ಹೇಳಲು ಮನಸ್ಸಿಲ್ಲ.

ನಮ್ಮ ರಾಜ್ಯ ಸರ್ಕಾರವೂ ಸುಮ್ಮನಿಲ್ಲ. 2021ರಲ್ಲಿ ‘ಕರ್ನಾಟಕ ಎಲ್.ಎಂ.ಎಸ್.’ ಯೋಜನೆ ತಂದು 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜು, 87 ಪಾಲಿಟೆಕ್ನಿಕ್, 14 ಇಂಜಿನಿಯರಿಂಗ್ ಕಾಲೇಜುಗಳನ್ನು, ಅಂದರೆ ಸುಮಾರು ನಾಲ್ಕೂವರೆ ಲಕ್ಷ ವಿದ್ಯಾರ್ಥಿಗಳನ್ನು ಅದರೊಳಗೆ ತರಲು ಹೊರಟಿತು. ಒಳ್ಳೆಯ ಕೆಲಸ. ಪಾಠಗಳು ಒಂದು ಕಡೆ ಸಿದ್ಧವಾಗಿ ಎಲ್ಲ ಕಡೆಗೆ ಹೋಗುವುದು ಬಡ ಕಾಲೇಜಿಗೆ ದೊಡ್ಡ ಅನುಕೂಲ. ಆದರೆ ಕಾಲುವೆ ಕೆಲಸ ಮಾಡಿದ ನನಗೆ ಇಂಥ ದೊಡ್ಡ ಯೋಜನೆ ಎಂದ ಕೂಡಲೆ ನೆನಪಾಗುವುದು ಕಾಲುವೆಯ ಕೊನೆ ಭಾಗದ ರೈತ. ಜಲಾಶಯದಿಂದ ಎಷ್ಟು ನೀರು ಬಿಟ್ಟೆವು ಎಂಬ ಲೆಕ್ಕ ತೂಬಿನ ಹತ್ತಿರ ಸರಿಯಾಗಿಯೇ ಇರುತ್ತದೆ. ಕೊನೆಯ ಹೊಲಕ್ಕೆ ಎಷ್ಟು ಮುಟ್ಟಿತು ಎಂದು ನೋಡಬೇಕಾದರೆ ಏರಿಯ ಮೇಲೆ ಕೊನೆಯವರೆಗೂ ನಡೆದುಕೊಂಡು ಹೋಗಬೇಕು. ಮೇಲಿನವರಿಗೆ ಜಾಸ್ತಿ ನೀರು ಹೋಗಿ ಹೊಲ ಜವುಳಾಗುತ್ತಿರುವಾಗಲೇ ಕೆಳಗಿನವನು ಮುಗಿಲು ನೋಡುತ್ತಿರುತ್ತಾನೆ.

ನಮ್ಮ ಕೊನೆಯ ಹೊಲ ಯಾವುದು? ಕಮಲಾಪುರ ತಾಲೂಕಿನ ತಾಂಡಾದ ಹುಡುಗ, ಸುಗ್ಗಿ ಮುಗಿದ ಮೇಲೆ ತಂದೆ-ತಾಯಿಯ ಜೊತೆ ಪುಣೆಗೋ ಮುಂಬೈಗೋ ದುಡಿಯಲು ಹೋಗುವವನು. ಡಿಸೆಂಬರ್-ಜನವರಿಯಲ್ಲಿ ತೊಗರಿ ರಾಶಿಗೆ ಹೊಲಕ್ಕೆ ಹೋಗಬೇಕಾದ ಹುಡುಗಿ. ಮನೆಯಲ್ಲಿ ಇರುವ ಒಂದೇ ಫೋನು ಅಣ್ಣನ ಕೈಯಲ್ಲಿರುವವಳು. ಒಂದು ಗಂಟೆಯ ವಿಡಿಯೋ ಕಡಿಮೆ ಗುಣಮಟ್ಟದಲ್ಲಿ ನೋಡಿದರೂ 200-300 ಎಂ.ಬಿ. ಡೇಟಾ ತಿನ್ನುತ್ತದೆ (ಇದು ಬೇರೆ ಎಂ.ಬಿ., ಅಳತೆ ಪುಸ್ತಕವಲ್ಲ). ಅದೇ ಪಾಠದ ಧ್ವನಿ ಮಾತ್ರ ಕೊಟ್ಟರೆ 30 ಎಂ.ಬಿ.ಯೊಳಗೆ ಮುಗಿಯುತ್ತದೆ. ಹತ್ತು ಪುಟದ ಕನ್ನಡ ಟಿಪ್ಪಣಿಗೆ ಒಂದು ಎಂ.ಬಿ. ಸಾಕು. ಮೂಡಲ್‌ನಂಥವುಗಳ ಮೊಬೈಲ್ ಆ್ಯಪ್‌ನಲ್ಲಿ ಪಾಠವನ್ನು ಮೊದಲೇ ಇಳಿಸಿಕೊಂಡು, ನೆಟ್‌ವರ್ಕ್ ಇಲ್ಲದ ಕಡೆ ಓದಿ, ಅಧ್ಯಾಪಕರು ಅನುಮತಿ ಕೊಟ್ಟಿದ್ದರೆ ಕಿರುಪರೀಕ್ಷೆಯನ್ನೂ ಬರೆದು, ನೆಟ್‌ವರ್ಕ್ ಸಿಕ್ಕಾಗ ಕಳಿಸುವ ಸೌಲಭ್ಯವಿದೆ. ಸೌಲಭ್ಯವಿದೆ, ಯಾರೋ ಒಬ್ಬರು ಅದನ್ನು ತೆರೆದಿಡಬೇಕು ಅಷ್ಟೆ.

2020ರಲ್ಲಿ ಕೋವಿಡ್ ಬಂದು, ದೇಶದ ಮೊದಲ ಸಾವು ನಮ್ಮ ಕಲಬುರಗಿಯಲ್ಲೇ ಆಗಿ, ಶಾಲೆಗಳೆಲ್ಲ ಮುಚ್ಚಿದಾಗ ನಡೆದದ್ದನ್ನು ಮರೆಯಬಾರದು. ಆ ಆಗಸ್ಟ್‌ನಲ್ಲಿ ಶಿಕ್ಷಣ ಇಲಾಖೆ ‘ವಿದ್ಯಾಗಮ’ ಆರಂಭಿಸಿತು. ಇಂಟರ್‌ನೆಟ್ ಸಹಿತ ಫೋನ್ ಇದ್ದವರು, ಬರೀ ಫೋನ್ ಇದ್ದವರು, ಏನೂ ಇಲ್ಲದವರು ಎಂದು ಮಕ್ಕಳ ಪಟ್ಟಿ ಮಾಡಿ, ಮೇಷ್ಟ್ರುಗಳೇ ಊರಿಗೆ ಹೋಗಿ ಗುಡಿಯ ಪೌಳಿ, ಸಮುದಾಯ ಭವನ, ಮರದ ನೆರಳಿನಲ್ಲಿ ಕೂರಿಸಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಆದರೆ ಆ ಪಟ್ಟಿಯ ವಿಚಾರ ಸರಿಯಾಗಿತ್ತು. ಯಾರಿಗೆ ಮುಟ್ಟುವುದಿಲ್ಲ ಎಂದು ಮೊದಲು ಗುರುತಿಸಿ, ಆಮೇಲೆ ಅವರ ಹತ್ತಿರ ನಡೆದು ಹೋಗುವುದು. ಎಲ್.ಎಂ.ಎಸ್. ಇವತ್ತು ಈ ಪಟ್ಟಿಯನ್ನು ದಿನವೂ ಸಂಜೆ ತಾನೇ ಮಾಡಿಕೊಡುತ್ತದೆ: ಹದಿನೈದು ದಿನದಿಂದ ಒಳಗೆ ಬಾರದವರು, ಎರಡು ಹೋಮ್‌ವರ್ಕ್ ಕಳಿಸದವರು, ಕಿರುಪರೀಕ್ಷೆಯಲ್ಲಿ ಜಾರಿದವರು. ಲಕ್ಷಾಂತರ ರೂಪಾಯಿ ಕೊಟ್ಟು ನಾವು ಕೊಂಡುಕೊಳ್ಳುವುದು ನಿಜವಾಗಿ ಈ ಒಂದು ಪಟ್ಟಿಯನ್ನು. ಅದನ್ನು ಯಾರೂ ಓದದಿದ್ದರೆ ಮಿಕ್ಕದ್ದೆಲ್ಲ ಯೂಟ್ಯೂಬ್‌ನಲ್ಲಿ ಬಿಟ್ಟಿ ಸಿಗುತ್ತದೆ.

ಹಾಗಾದರೆ ಕೊಳ್ಳುವುದು ಹೇಗೆ? ನಾನು ಟೆಂಡರ್ ಷರತ್ತುಗಳನ್ನು ಬರೆದು ಬದುಕಿದವನು, ಆ ಭಾಷೆಯಲ್ಲೇ ಹೇಳುತ್ತೇನೆ. ಮೊದಲನೆಯ ಮಾತು, ಪಾಠ ಮತ್ತು ಅಂಕಗಳ ಮಾಹಿತಿ ಸಂಸ್ಥೆಯದು, ಕಂಪನಿಯದಲ್ಲ. ಒಪ್ಪಂದ ಮುಗಿದ ದಿನ ಎಲ್ಲವನ್ನೂ ಬೇರೆ ತಂತ್ರಾಂಶ ಓದಬಲ್ಲ ರೂಪದಲ್ಲಿ ವಾಪಸ್ಸು ಕೊಡಬೇಕೆಂದು ಬರೆಸಿಕೊಳ್ಳಿ. ಇಲ್ಲದಿದ್ದರೆ ಮೂರು ವರ್ಷದ ನಂತರ ಅವರು ಹೇಳಿದ್ದೇ ದರ. ಮಕ್ಕಳ ಹೆಸರು, ಫೋನ್ ಸಂಖ್ಯೆ, ಅಂಕ, ಎಷ್ಟು ಗಂಟೆಗೆ ಎದ್ದು ಓದುತ್ತಾರೆ ಎಂಬುದೂ ಸೇರಿ ಎಲ್ಲ ಅಲ್ಲಿ ಇರುತ್ತದೆ. 2022ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 49 ದೇಶಗಳ 164 ಕಲಿಕಾ ತಂತ್ರಾಂಶಗಳನ್ನು ಪರೀಕ್ಷಿಸಿ, ನೂರಕ್ಕೆ ಎಂಬತ್ತೊಂಬತ್ತು ಭಾಗ ಮಕ್ಕಳ ಖಾಸಗಿತನಕ್ಕೆ ಅಪಾಯ ತರುವಂತಿವೆ ಎಂದಿತು. ನಮ್ಮ ದೇಶದ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದ ಒಳಗಿನವರ ಮಾಹಿತಿಗೆ ತಂದೆ-ತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ಪ್ರವೇಶ ಅರ್ಜಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಒಪ್ಪಿಗೆಯಲ್ಲ.

ಖರ್ಚನ್ನು ಫೀಸಿನಲ್ಲಿ ಸೇರಿಸಿ ಪಾಲಕರ ಮೇಲೆ ಹಾಕುವ ವಿಚಾರ ಎರಡೂ ಸಭೆಗಳಲ್ಲಿ ಬಂತು. ನಾನು ಒಪ್ಪಲಿಲ್ಲ, ಇಲ್ಲಿಯೂ ಒಪ್ಪುವುದಿಲ್ಲ. ಹತ್ತಿರ ಹತ್ತಿರದ ನಾಲ್ಕು ಸಂಸ್ಥೆಗಳು ಕೂಡಿ ಮುಕ್ತ ತಂತ್ರಾಂಶವನ್ನು ಒಂದೇ ಸರ್ವರ್‌ನಲ್ಲಿ ಹಾಕಿಸಿ, ನೋಡಿಕೊಳ್ಳಲು ಒಬ್ಬ ಯುವ ಇಂಜಿನಿಯರನಿಗೆ ಸಂಬಳ ಕೊಟ್ಟರೆ, ಕಂಪನಿಗೆ ವರ್ಷ ವರ್ಷ ಕೊಡುವುದಕ್ಕಿಂತ ಕಡಿಮೆಯಲ್ಲಿ ಆಗುತ್ತದೆ. ನಮ್ಮ ಹುಡುಗನಿಗೆ ಊರಲ್ಲೇ ಕೆಲಸವೂ ಆಗುತ್ತದೆ. ಮೂಡಲ್‌ಗೆ ಕನ್ನಡ ರೂಪ ಇದೆ, ಅನುವಾದ ಪೂರ್ತಿಯಾಗಿಲ್ಲ. ನಮ್ಮ ಕನ್ನಡ ಅಧ್ಯಾಪಕರು ಬೇಸಿಗೆ ರಜೆಯಲ್ಲಿ ಕೂತು ಉಳಿದದ್ದನ್ನು ತುಂಬಬಹುದು. ‘ಸಬ್‌ಮಿಟ್’ ಎಂಬ ಗುಂಡಿಯ ಮುಂದೆ ಹೆದರಿ ಕೂರುವ ಮೊದಲ ವರ್ಷದ ಮಕ್ಕಳನ್ನು ನೋಡಿದವರಿಗೆ ಇದು ಸಣ್ಣ ಕೆಲಸ ಎನಿಸದು.

ಮಠಗಳ ಪ್ರಸಾದ ನಿಲಯಗಳಿಗೆ ಒಂದು ವಿನಂತಿ. ಸಂಜೆ ಏಳರಿಂದ ಒಂಬತ್ತರವರೆಗೆ ಪ್ರಸಾದ ನಿಲಯದ ಒಂದು ಕೋಣೆಯನ್ನು ವೈ-ಫೈ ಸಹಿತ ಊರಿನ ಎಲ್ಲ ವಿದ್ಯಾರ್ಥಿಗಳಿಗೂ ತೆರೆದಿಡಿ. ನಿಲಯದ ಮಕ್ಕಳಿಗೆ ಮಾತ್ರವಲ್ಲ, ಯಾವ ಕಾಲೇಜು, ಯಾವ ಜಾತಿ ಎಂದು ಕೇಳದೆ. ಹೆಣ್ಣುಮಕ್ಕಳಿಗೆ ಬೆಳಗಿನ ಹೊತ್ತು ಬೇರೆ ಇಡಿ, ಸಂಜೆ ಅವರಿಗೆ ಬರಲಾಗುವುದಿಲ್ಲ. ಅನ್ನ ದಾಸೋಹಕ್ಕೆ ತೊಗರಿ, ಜೋಳ ಕೊಡುವ ಭಕ್ತರು ಇದರ ತಿಂಗಳ ಬಿಲ್ಲನ್ನೂ ಕೊಟ್ಟಾರು, ಕೇಳಿ ನೋಡಬೇಕು.

ಕೊನೆಯದಾಗಿ ಮಂಡಳಿಯ ಸದಸ್ಯರಿಗೆ. ಎಲ್.ಎಂ.ಎಸ್. ಈಗಾಗಲೇ ಹಾಕಿಸಿದ ಸಂಸ್ಥೆಗಳಲ್ಲಿ ಮುಂದಿನ ಸಭೆಗೆ ಬಣ್ಣದ ನಕ್ಷೆ ತರಿಸಬೇಡಿ. ಪ್ರಾಚಾರ್ಯರಿಗೆ ಮೂರು ಕಾಗದ ತರಲು ಹೇಳಿ: ಒಂದು ತಿಂಗಳಿಂದ ಒಳಗೆ ಬಾರದ ವಿದ್ಯಾರ್ಥಿಗಳ ಹೆಸರುಗಳು, ಅವರಲ್ಲಿ ಎಷ್ಟು ಜನರ ಮನೆಗೆ ಫೋನ್ ಮಾಡಿದರು ಅಥವಾ ಹೋಗಿ ಬಂದರು ಎಂಬ ವಿವರ, ಮತ್ತು ಯಾವುದಾದರೂ ಐದು ಹೋಮ್‌ವರ್ಕುಗಳು, ಅಧ್ಯಾಪಕರು ಅವುಗಳ ಮೇಲೆ ತಮ್ಮ ಮಾತಿನಲ್ಲಿ ಬರೆದ ತಿದ್ದುಪಡಿಯ ಸಹಿತ. ತಿದ್ದುವ ಅಧ್ಯಾಪಕರಿಗೆ ಆ ಹೊತ್ತಿನ ಗೌರವಧನವನ್ನು ಅದೇ ಸಭೆಯಲ್ಲಿ ಮಂಜೂರು ಮಾಡಿ. ಇಂಥ ಮೂರು ಕಾಗದ ತಂದ ಸಂಸ್ಥೆಗಳು ನಮಗೆ ಬರೆದು ತಿಳಿಸಿದರೆ, ಅವರು ಮಾಡಿದ ರೀತಿಯನ್ನು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ. ವಿದ್ಯಾರ್ಥಿಗಳ ಹೆಸರು ಮಾತ್ರ ಕಳಿಸಬೇಡಿ.